ಘಾಟು ಬರಲೆಂದು ಕಾದ ಮನೆ

ಸಂಜೆ ಆರು ಗಂಟೆ ನಲವತ್ತು ನಿಮಿಷವಾಗಿತ್ತು. ಏಳು ಹೊಡೆದ ಕೂಡಲೇ ಕೂಸಿನ ಹೊಟ್ಟೆನೋವಿಗೆ ಹನಿ ಹಾಕಬೇಕಿತ್ತು. ಆಗ ಕೂಗಿ ಹೇಳೆಂದು ಅವ್ವ ನನ್ನನ್ನು ಪಡಸಾಲೆಯ ಗಡಿಯಾರದ ಎದುರು ಕೂರಿಸಿದ್ದಳು. ನಾನು ಮುಳ್ಳಿನಿಂದ ಕಣ್ಣು ತೆಗೆಯದೆ ಕೂತಿದ್ದೆ. ಅದಕ್ಕೇ ಹೊತ್ತು ಇಷ್ಟು ಖಚಿತವಾಗಿ ನೆನಪಿದೆ. ಒಳಕೋಣೆಯ ಬಾಗಿಲು ಮುಚ್ಚಿತ್ತು. ಬಾಗಿಲ ಹಿಂದೆ ಕಂಬಳಿಯ ಪರದೆ, ಪರದೆಯ ಹಿಂದೆ ಬಾಣಂತಿ ಅವ್ವ, ಇನ್ನೂ ಹೆಸರಿಡದ ನನ್ನ ತಮ್ಮ, ಮತ್ತು ಅವ್ವನ ತಾಯಿ, ನಮ್ಮ ಆಯಿ. ಕೂಸು ಎಂದಿನಂತೆ ಅಳುತ್ತಿತ್ತು. ಆ ಅಳುವಿನ ಮೇಲೆ ಆಯಿಯ ಹಿಗ್ಗಿದ ದನಿ ಕೇಳಿಸಿತು.

"ಬಂತು! ಶಾಂತಾ, ಘಾಟ ಬಂತು ನೋಡು!"

ಅವ್ವ ನಕ್ಕಳು. ಕೆಮ್ಮುತ್ತ ನಕ್ಕಳು. ಆ ನಗು ಎಲ್ಲಿ ಮುಗಿಯಿತು, ಬರೀ ಕೆಮ್ಮು ಎಲ್ಲಿ ಉಳಿಯಿತು ಎನ್ನುವುದನ್ನು ನಾನು ಇವತ್ತಿಗೂ ಹುಡುಕುತ್ತಿರುತ್ತೇನೆ. ಬಸ್ಸಿನಲ್ಲಿ ಕೂತಾಗ, ತರಗತಿಯಲ್ಲಿ ಹುಡುಗರು ಪರೀಕ್ಷೆ ಬರೆಯುತ್ತಿರುವಾಗ, ಯಾರದೋ ಮನೆಯ ಒಗ್ಗರಣೆಯ ಸದ್ದು ಬೀದಿಗೆ ಬಂದಾಗ, ಆ ನಗುವನ್ನು ಮತ್ತೆ ಮೊದಲಿನಿಂದ ಕೇಳಿಸಿಕೊಳ್ಳುತ್ತೇನೆ. ಪ್ರತಿ ಸಲವೂ ನಾನು ಗಡಿಯಾರ ಬಿಟ್ಟು ಏಳಬೇಕಾದ ಕ್ಷಣ ಸ್ವಲ್ಪ ಮುಂಚೆ ಬರುತ್ತದೆ. ಪ್ರತಿ ಸಲವೂ ನಾನು ಕೂತೇ ಇರುತ್ತೇನೆ.

ಶಹಾಪುರದ ಆ ಮನೆ ಅವ್ವನ ತವರು. ಆಯಿಗೆ ಗಂಡ ಇರಲಿಲ್ಲ, ಮಗ ಮಿಲಿಟರಿಯಲ್ಲಿದ್ದ. ಅಪ್ಪ ಸುರಪುರದ ಹತ್ತಿರ ಬೋನಾಳದ ಶಾಲೆಯಲ್ಲಿ ಮಾಸ್ತರನಾಗಿದ್ದ. ಅಲ್ಲಿಯೇ ಒಂದು ಖೋಲಿ ಹಿಡಿದು, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಬರುತ್ತಿದ್ದ, ಸೋಮವಾರ ನಸುಕಿನಲ್ಲಿ ಹೋಗುತ್ತಿದ್ದ. ಹಾಗಾಗಿ ವಾರವೆಲ್ಲ ಅದು ಹೆಂಗಸರ ಮನೆ. ಬಾಗಿಲು ದಾಟಿದರೆ ಅಂಗಳ, ಅಂಗಳ ದಾಟಿದರೆ ಪಡಸಾಲೆ, ಪಡಸಾಲೆಯ ಎಡಕ್ಕೆ ಅಡುಗೆಮನೆ, ನೇರಕ್ಕೆ ಒಳಕೋಣೆ. ಒಳಕೋಣೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಮಾತ್ರ. ಹಗಲಿನಲ್ಲಿ ಅಲ್ಲಿಂದ ಬಿಸಿಲು ಒಂದು ಕೋಲಿನಂತೆ ಇಳಿದು ಕಲ್ಲಿನ ನೆಲದ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ನಾನು ಹುಟ್ಟಿದ್ದು ಆ ಕೋಣೆಯಲ್ಲಿ. ಅವ್ವ, ಮಾವ ಹುಟ್ಟಿದ್ದೂ ಅಲ್ಲೇ. ಆ ಮನೆಯಲ್ಲಿ ಕೆಂಡಕ್ಕೆ ಯಾವಾಗಲೂ ಎರಡು ಜಾಗ: ಅಂಗಳದ ಮೂಲೆಯ ಕಟ್ಟಿಗೆ ಒಲೆ, ಮತ್ತು ಬಾಣಂತಿ ಇದ್ದಾಗ ಅವಳ ಹೊರಸಿನ, ಅಂದರೆ ಹಗ್ಗದ ಮಂಚದ, ಕೆಳಗೆ ಇಡುವ ಕಬ್ಬಿಣದ ಶೇಗಡಿ. ತಮ್ಮ ಹುಟ್ಟುವುದಕ್ಕೆ ಒಂದು ವರ್ಷ ಮೊದಲು ಗ್ಯಾಸ್ ಬಂತು. ಆಯಿ ಅಂಗಳದ ಒಲೆ ಕೀಳಿಸಿ ಅಲ್ಲಿ ಬಟ್ಟೆ ಒಗೆಯುವ ಕಲ್ಲು ಹಾಕಿಸಿದಳು. ಇನ್ನು ಮೇಲೆ ಹೊಗೆ ಇಲ್ಲ, ಕಣ್ಣುರಿ ಇಲ್ಲ ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದಳು. ಒಂದು ಒಲೆ ಹೋದರೆ ಮನೆಯ ಎಷ್ಟು ಕೆಲಸಗಳು ಜಾಗ ತಪ್ಪುತ್ತವೆ ಎನ್ನುವುದು ಯಾರಿಗೂ ಹೊಳೆಯಲಿಲ್ಲ.

ಮೆಣಸಿನಕಾಯಿ ಬಂದದ್ದು ಭೀಮು ಮಾವನಿಂದ. ಅವನು ದೇಶದ ಈಶಾನ್ಯದ ತುದಿಯಲ್ಲೆಲ್ಲೋ ಪೋಸ್ಟಿಂಗ್ ಮೇಲಿದ್ದ. ರಜೆಗೆ ಬಂದಾಗ ಕಡ್ಡಿಪೆಟ್ಟಿಗೆಯೊಂದನ್ನು ಬನಿಯನ್ನಿನಲ್ಲಿ ಸುತ್ತಿ ತಂದಿದ್ದ. ಒಳಗೆ ಸುಕ್ಕುಗಟ್ಟಿದ ನಾಲ್ಕಾರು ಒಣ ಕಾಯಿ, ಬೆರಳಿನ ಗೆಣ್ಣಿನಷ್ಟು ಉದ್ದ. ಅಲ್ಲಿನ ಮಂದಿ ಒಂದು ಕಾಯಿಯನ್ನು ದಾರಕ್ಕೆ ಕಟ್ಟಿ ಸಾರಿನಲ್ಲಿ ಅದ್ದಿ ಮತ್ತೆ ಎತ್ತಿ ಇಡುತ್ತಾರೆ ಎಂದು ಅವನು ಹೇಳಿದಾಗ ಆಯಿ ಸೀರೆಯ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಎಲಾ ಇವನ! ಯಾರಿಗಿ ಹೆದರಿಸಾಕತ್ತಿ? ಹಸಿಮೆಣಸಿನಕಾಯಿ ಕಡ್ಕೊಂಡು ರೊಟ್ಟಿ ತಿನ್ನೋ ಮಂದಿ ನಾವು."

"ಯವ್ವಾ, ಚೇಷ್ಟಿ ಅಲ್ಲ ಇದು. ಮುಟ್ಟಿದ ಕೈ ಕಣ್ಣಿಗಿ ಹಚ್ಚಿಗೀಚ್ಚಿ."

"ನಿನ್ನ ಬಂದೂಕ ನೀ ನೋಡ್ಕೊ. ಗಿಡಾ ನಾ ನೋಡ್ಕೊಂತೀನಿ."

ಮೆಣಸಿನಕಾಯಿಯ ಹೆಸರನ್ನು ಮಾವ ಹೇಳಿದ್ದ, ಆದರೆ ಅದು ಯಾರ ನಾಲಿಗೆಗೂ ಹೊರಳಲಿಲ್ಲ. ನಮ್ಮ ಮನೆಯಲ್ಲಿ ಅದು ಮಿಲಿಟರಿ ಮೆಣಸಿನಕಾಯಿ ಆಯಿತು. ಆಯಿ ಬೀಜಗಳನ್ನು ಒದ್ದೆ ಅರಿವೆಯಲ್ಲಿ ಕಟ್ಟಿ, ಎಲೆಅಡಿಕೆಯ ಸಂಚಿಯೊಳಗಿಟ್ಟು, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೈಯ ಕಾವಿಗೆ ಬೀಜ ಒಡೆಯಬೇಕು. ಮಲಗುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ, ಮಗ್ಗುಲು ಬದಲಿಸುವಾಗ ಕೈ ಅಡ್ಡ ಇಡುತ್ತಿದ್ದಳು. ಅವ್ವನಿಗೆ ಆಗ ಹೊಟ್ಟೆ ಕಾಣಿಸತೊಡಗಿದ ದಿನಗಳು. ನಮ್ಮ ಮಾಳಿಗೆಗೂ ಪಕ್ಕದ ಮುಮ್ತಾಜ್ ಖಾಲಾನ ಮಾಳಿಗೆಗೂ ನಡುವೆ ಮೊಣಕಾಲೆತ್ತರದ ಗೋಡೆ. ಆ ಗೋಡೆಯ ಮೇಲೆ ಕೂತು ಖಾಲಾ ದಿನಾ ವಿಚಾರಿಸುತ್ತಿದ್ದರು.

"ಏನ್ರಿ ಆಯಿ, ಮಗಳಿಗಿ ಎಷ್ಟನೇ ತಿಂಗಳು, ನಿಮಗೆಷ್ಟನೇದು?"

"ನಂದಽ ಮೊದಲ ಆಗ್ತದ ನೋಡವ್ವ. ಆಕಿ ಇನ್ನ ತಡಾ."

ಆಯಿಯದೇ ಮೊದಲಾಯಿತು. ಎಣ್ಣೆ ಡಬ್ಬಿಗಳಿಗೆ ಮೊಳೆಯಿಂದ ತೂತು ಹೊಡೆದು, ಕೆರೆ ಮಣ್ಣು, ಹಳೆ ಸಗಣಿ, ಬೂದಿ ಕಲಸಿ ತುಂಬಿ, ಸಸಿ ನೆಟ್ಟಳು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಕಾಲಿಡಲು ಆಗುತ್ತಿರಲಿಲ್ಲ. ಆಯಿ ತನ್ನ ಹಳೆ ಇಳಕಲ್ ಸೀರೆಯನ್ನು ನಾಲ್ಕು ಕೋಲಿಗೆ ಕಟ್ಟಿ ಗಿಡಗಳಿಗೆ ನೆರಳು ಮಾಡಿದಳು. ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ, ಎಲ್ಲ ಅವಕ್ಕೆ. ಎಲೆ ಮುರುಟಿದರೆ ಒಂದೊಂದಾಗಿ ತಿರುಗಿಸಿ ಒರೆಸುತ್ತಿದ್ದಳು. ಬಿಸಿಲಿಗೆ ಹೂವೆಲ್ಲ ಉದುರಿದಾಗ ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಮಳೆ ಬಿದ್ದ ಮೇಲೆ ಮತ್ತೆ ಹೂವು ಬಂತು, ಕಾಯಿ ನಿಂತಿತು. ಹಸಿರು ಕಾಯಿ ಕೇಸರಿಯಾಗಿ, ಆಮೇಲೆ ಕೆಂಪಾಗಿ, ಮೈಮೇಲೆ ಎಣ್ಣೆ ಜಿನುಗಿದಂತೆ ಹೊಳೆಯಿತು. ಸಂಜೆ ನಾವು ಮಾಳಿಗೆಯ ಮೇಲೆ ಕೂತಾಗ ಅತ್ತ ಮಲಗಿದ ಬುದ್ಧನ ಆಕಾರದ ಗುಡ್ಡದ ಸಾಲು ಕಪ್ಪಾಗುತ್ತಿತ್ತು, ಇತ್ತ ಈ ಕಾಯಿಗಳು ಕೊನೆಯ ಬೆಳಕಿನವರೆಗೂ ಕೆಂಪಾಗಿಯೇ ಇರುತ್ತಿದ್ದವು. ಅಷ್ಟು ಚಂದದ ವಸ್ತು ನಮ್ಮ ಮನೆಯಲ್ಲಿ ಇನ್ನೊಂದು ಇರಲಿಲ್ಲ.

ಒಂದು ಶನಿವಾರ ಆಯಿ ಉಗುರಿನಷ್ಟು ಚೂರನ್ನು ಬೇಳೆಯ ಗಡಿಗೆಗೆ ಹಾಕಿದಳು. ಅಪ್ಪ ಎರಡನೇ ತುತ್ತಿಗೆ ರೊಟ್ಟಿ ಕೈಬಿಟ್ಟ. ಬೆವರು, ಬಿಕ್ಕಳಿಕೆ, ಕಣ್ಣೀರು ಒಟ್ಟಿಗೆ ಬಂದವು. ಅವ್ವ ತುಂಬಿದ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅತ್ತೀ, ಮನಿ ಅಳಿಯನ್ನ ಕೊಲ್ಲೂದಿದ್ರ ಸೀದಾ ಹೇಳ್ರಿ. ಮುಂದಿನ ಶನಿವಾರ ಬರಂಗಿಲ್ಲ ನಾ."

"ಕೊಲ್ಲೂದು ಎದಕ್ಕ ಮಾಸ್ತರ? ಬಾಯಿ ತೊಳದಂಗ ಆಯ್ತಿಲ್ಲೋ?"

ಅವತ್ತಿನಿಂದ ಅದನ್ನು ಯಾರೂ ತಿನ್ನಲಿಲ್ಲ. ಆಯಿ ಹಣ್ಣಾದದ್ದನ್ನು ಕಿತ್ತು, ಒಣಗಿಸಿ, ದಾರದಲ್ಲಿ ಪೋಣಿಸಿ ಪಡಸಾಲೆಯ ಗೂಟಕ್ಕೆ ನೇತುಹಾಕಿದಳು. ಬಂದವರಿಗೆಲ್ಲ ತೋರಿಸುತ್ತಿದ್ದಳು. ನಮ್ಮ ಮನೆಯಲ್ಲಿ ಗಾಜಿನ ಕಪಾಟು ಇರಲಿಲ್ಲ. ಆ ಸರವೇ ನಮ್ಮ ಕಪಾಟಾಗಿತ್ತು.

ಈಗ ಯಾದಗಿರಿಯಲ್ಲಿರುವ ನನ್ನ ತಮ್ಮ ಬಸು, ಅಂದಿನ ಆ ಕೂಸು, ತನ್ನ ಮನೆಯ ಟೆರೇಸಿನ ಮೇಲೆ ಇಂಥದೇ ಗಿಡ ಬೆಳೆಸುತ್ತಾನೆ. ಬೀಜ ಆನ್‌ಲೈನಿನಲ್ಲಿ ತರಿಸುತ್ತಾನೆ. ಮಾವನ ಮೆಣಸಿನಕಾಯಿಗಿಂತ ಇವು ಇನ್ನೂ ಉಗ್ರವಂತೆ. ಕೈಗೆ ರಬ್ಬರಿನ ಗವಸು ಹಾಕಿಕೊಂಡು ಕಾಯಿ ಸೀಳುತ್ತಾನೆ, ವಿಡಿಯೊ ಮಾಡುತ್ತಾನೆ, ಗೆಳೆಯರನ್ನು ಕರೆದು ಯಾರು ಎಷ್ಟು ಹೊತ್ತು ನೀರು ಕುಡಿಯದೆ ಇರುತ್ತಾರೆಂದು ನೋಡುತ್ತಾನೆ. ಆವತ್ತಿನ ಕಥೆಯನ್ನು ಅವರಿಗೆ ಅವನೇ ಹೇಳುತ್ತಾನೆ, ನಗುನಗುತ್ತ, ತನಗೆ ಹೆಸರಿಡುವ ಮೊದಲೇ ಈ ಕಾಯಿಯ ಜೊತೆ ಕುಸ್ತಿ ಹಿಡಿದು ಗೆದ್ದೆ ಎಂದು. ಅವನಿಗೆ ಅದು ನೆನಪಿಲ್ಲ. ಸಾಯಬೇಕಾಗಿದ್ದವನಿಗೆ ನೆನಪಿಲ್ಲ, ಬಾಗಿಲ ಹೊರಗಿದ್ದ ನನಗಿದೆ. ನಾನು ಅದೇ ಊರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮೆಣಸಿನಕಾಯಿಯ ಉರಿ ಯಾವುದರಿಂದ ಎಂದು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಅವನ ಟೆರೇಸಿನ ಮೆಟ್ಟಿಲು ಮಾತ್ರ ಹತ್ತಲಾರೆ.

"ಅಕ್ಕಾ, ಒಂದ್ಸಲ ಬಂದು ನೋಡರ ನೋಡು. ಹೂವು ಹಿಡದಾವ."

"ಮೊಣಕಾಲು ನೋಯಿಸ್ತದೋ ಬಸು."

ಅವನು ಹುಟ್ಟಿದ ಮೇಲೆ ಮನೆಯಲ್ಲಿ ಸುಖ ಇದ್ದದ್ದು ಮೊದಲ ಕೆಲವು ದಿನ. ಆಮೇಲೆ ಸಂಜೆಯಾದರೆ ಅಳು. ಕಾಲು ಹೊಟ್ಟೆಗೆ ಎಳೆದುಕೊಂಡು, ಮುಷ್ಟಿ ಬಿಗಿದು, ಮುಖ ಕೆಂಪು ಮಾಡಿ ಅಳುತ್ತಿದ್ದ. ಡಾಕ್ಟರು ಹನಿ ಕೊಟ್ಟರು. ಆಯಿ ಬಜೆ ತೇಯ್ದು ನೆಕ್ಕಿಸಿದಳು. ಯಾವುದಕ್ಕೂ ಬಗ್ಗದಾದಾಗ ದೀಪ ಹಚ್ಚುವ ಹೊತ್ತಿಗೆ ದಿನಾ ದೃಷ್ಟಿ ತೆಗೆಯತೊಡಗಿದಳು. ಕೆಂಪು ಮೆಣಸಿನಕಾಯಿ, ಕಲ್ಲುಪ್ಪು, ಸಾಸಿವೆ ಮುಷ್ಟಿಯಲ್ಲಿ ಹಿಡಿದು ಕೂಸಿನ ತಲೆಯಿಂದ ಕಾಲಿನವರೆಗೆ ಇಳಿಸಿ, ಹಾದಿಯ ಕಣ್ಣು, ಬೀದಿಯ ಕಣ್ಣು, ನಮ್ಮ ಕಣ್ಣು, ನೆರೆಯವರ ಕಣ್ಣು ಎಂದು ಗೊಣಗಿ, ಕೆಂಡಕ್ಕೆ ಹಾಕುವುದು. ಮೆಣಸಿನಕಾಯಿ ಸುಟ್ಟು ಘಾಟು ಬಂದರೆ ಕಣ್ಣು ಬಿದ್ದಿಲ್ಲ, ನಿಶ್ಚಿಂತೆ. ಸುಟ್ಟರೂ ಘಾಟು ಬಾರದಿದ್ದರೆ ಆ ಘಾಟನ್ನು ಕಣ್ಣು ತಿಂದಿದೆ ಎಂದರ್ಥ. ಮರುದಿನ ಮತ್ತೆ ತೆಗೆಯಬೇಕು. ಮೊದಲು ಇದೆಲ್ಲ ಅಂಗಳದ ಒಲೆಯ ಮುಂದೆ, ಆಕಾಶದ ಕೆಳಗೆ ನಡೆಯುತ್ತಿತ್ತು. ಕೆಮ್ಮಿ, ಸೀನಿ, ನಕ್ಕು ಒಳಗೆ ಬರುತ್ತಿದ್ದೆವು. ಆ ವರ್ಷ ಮನೆಯಲ್ಲಿ ಕೆಂಡ ಇದ್ದದ್ದು ಹೊರಸಿನ ಕೆಳಗಿನ ಶೇಗಡಿಯಲ್ಲಿ ಮಾತ್ರ. ಗ್ಯಾಸಿನ ಉರಿಗೆ ದೃಷ್ಟಿ ಹಾಕಬಾರದು ಎನ್ನುವುದು ಆಯಿಯ ತೀರ್ಮಾನ. ಅದು ಕೀಲಿ ತಿರುವಿದರೆ ಆರುವ ಬೆಂಕಿ, ಅದಕ್ಕೇನು ಗೊತ್ತು ಎನ್ನುತ್ತಿದ್ದಳು. ಹಾಗಾಗಿ ದೃಷ್ಟಿ ಅಂಗಳದಿಂದ ಒಳಕೋಣೆಗೆ ಬಂತು. ಬಾಣಂತಿಗೂ ಕೂಸಿಗೂ ಗಾಳಿ ಆಡಬಾರದೆಂದು ಬೆಳಕಿಂಡಿಗೆ ತಗಡು ಮುಚ್ಚಿ ಕಲ್ಲು ಹೇರಿತ್ತು.

ಆ ಮಳೆಗಾಲದಲ್ಲಿ ಅಡುಗೆಮನೆಯ ಡಬ್ಬಿಯ ಮೆಣಸಿನಕಾಯಿಗಳು ಒದ್ದೆ ಹಿಡಿದು ಬಿಳುಚಿದ್ದವು. ಅವು ಕೆಂಡದ ಮೇಲೆ ಸುಮ್ಮನೆ ಕಪ್ಪಾಗುತ್ತಿದ್ದವು. ಘಾಟು ಬರುತ್ತಿರಲಿಲ್ಲ. ಈಗ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದು. ಆಗ ಅದು ದಿನದಿನಕ್ಕೂ ಗಟ್ಟಿಯಾಗುತ್ತಿದ್ದ ಒಂದು ಭಯ. ಸಂಜೆಯಾದರೆ ಕೂಸು ಅಳುವುದು, ಆಯಿ ಮುಷ್ಟಿ ಇಳಿಸುವುದು, ಮೂವರೂ ಕೆಂಡದತ್ತ ಬಾಗಿ ನೋಡುವುದು, ಯಾರಿಗೂ ಕೆಮ್ಮು ಬಾರದೆ ಇರುವುದು. ಆಯಿ ಬೂದಿಯನ್ನು ಕಡ್ಡಿಯಿಂದ ಕೆದಕಿ ಮೂಸುತ್ತಿದ್ದಳು. ನಿದ್ದೆಗೆಟ್ಟ ಅವ್ವನ ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು. ಆ ಸಂಜೆ ನಾನು ಪಡಸಾಲೆಗೆ ಬರುವ ಮೊದಲು ಹೊರಸಿನ ಹತ್ತಿರವೇ ಇದ್ದೆ. ಅವ್ವ ಅಳುವ ಕೂಸನ್ನು ತೊಡೆಯ ಮೇಲೆ ಅಲ್ಲಾಡಿಸುತ್ತ, ಅರ್ಧ ಸಿಟ್ಟಿನಿಂದ, ಅರ್ಧ ಚೇಷ್ಟೆಯಿಂದ ಹೇಳಿದಳು.

"ನಿನ್ನ ಮಿಲಿಟರಿ ಮೆಣಸಿನಕಾಯಿನ ಹಾಕು ಯವ್ವಾ. ಅದಕ್ಕೂ ಘಾಟ ಬರಂಗಿಲ್ಲೇನು ನೋಡೇಬಿಡಾಣು. ಯಾರರ ಒಬ್ರು ಕೆಮ್ಮಿದ್ರ ಸಾಕಾಗ್ಯದ ನನಗ."

ಆಯಿ ಪಡಸಾಲೆಗೆ ಹೋದಳು. ಗೂಟದ ಸರದಿಂದ ಎರಡು ಕಾಯಿ ಕಿತ್ತು ತಂದು, ಸ್ವಲ್ಪ ಯೋಚಿಸಿ, ಇನ್ನೊಂದನ್ನೂ ತಂದಳು. ಅವ್ವ ನನ್ನನ್ನು ಗಡಿಯಾರದ ಹತ್ತಿರ ಕಳಿಸಿದಳು, ಆಯಿ ಬಾಗಿಲು ಹಾಕಿಕೊಂಡಳು.

ಆ ನಗು, ಆ ಕೆಮ್ಮು. ನಂತರ ಆಯಿಯ ಕೆಮ್ಮು ಬೇರೆ ರೀತಿಯದಾಯಿತು, ಒಣಕಟ್ಟಿಗೆ ಮುರಿದಂತೆ. ಬಾಗಿಲ ಸಂದಿನಿಂದ ಏನೋ ಬಂದು ನನ್ನ ಗಂಟಲಿಗೆ ಸೂಜಿ ಚುಚ್ಚಿತು. ಹೊಗೆ ಕಣ್ಣಿಗೆ ಕಾಣುವಷ್ಟೂ ಇರಲಿಲ್ಲ. ಒಳಗೆ ಹಿತ್ತಾಳೆಯ ತಂಬಿಗೆ ಉರುಳಿತು. ಅವ್ವ "ಕೂಸು, ಕೂಸು" ಎನ್ನುತ್ತಿದ್ದಳು; ಆಮೇಲೆ ಅದು ಶಬ್ದವಾಗಿ ಉಳಿಯಲಿಲ್ಲ. ಆಗ ನನಗೆ ತಿಳಿದದ್ದು, ಇಷ್ಟು ದಿನ ಯಾವುದಕ್ಕೂ ನಿಲ್ಲದ ಅಳು ನಿಂತಿದೆ ಎಂದು. ನಾವೆಲ್ಲ ನಿಲ್ಲಲಿ ಎಂದು ಬೇಡಿಕೊಂಡಿದ್ದ ಅಳು ಅದು. ನಿಂತ ಮೇಲೆ ಇಡೀ ಮನೆ ಟೊಳ್ಳಾದಂತಾಯಿತು.

ಬಾಗಿಲು ಒಳಗಿನಿಂದ ತೆರೆಯಿತು. ಆಯಿ ಕಣ್ಣು ಮುಚ್ಚಿಕೊಂಡು ಹೊರಗೆ ಬಂದಳು. ಅವಳ ಎರಡೂ ಅಂಗೈಗಳ ನಡುವೆ ಶೇಗಡಿ ಇತ್ತು. ಅದನ್ನು ಹಿಡಿಯುವ ಇಕ್ಕಳ ಗೋಡೆಗೆ ಒರಗಿಸಿಯೇ ಇತ್ತು; ಕುರುಡಾದವಳು ಅದನ್ನು ಎಲ್ಲಿ ಹುಡುಕಬೇಕು? ಕಾದ ಕಬ್ಬಿಣವನ್ನು ಬರಿಗೈಯಿಂದ ಎತ್ತಿ, ಪಡಸಾಲೆ ದಾಟಿ, ಅಂಗಳಕ್ಕೆ ಒಯ್ದು, ಒಲೆ ಇದ್ದ ಜಾಗದ ಕಲ್ಲಿನ ಮೇಲೆ ಇಟ್ಟಳು. ಎಸೆಯಲಿಲ್ಲ, ಇಟ್ಟಳು. ಆಮೇಲೆ ಕೂಗಿದಳು. ಆ ಕೂಗು ಕೇಳಿ ಮುಮ್ತಾಜ್ ಖಾಲಾ ಗೋಡೆ ದಾಟಿ ನಮ್ಮ ಮಾಳಿಗೆಗೆ ಬಂದು, ಕಲ್ಲು ಉರುಳಿಸಿ ಬೆಳಕಿಂಡಿಯ ತಗಡು ಕಿತ್ತರು. ಸಂಜೆಯ ಮಸುಕು ಬೆಳಕು ಒಳಕೋಣೆಗೆ ಇಳಿಯಿತು. ಆ ಬೆಳಕಿನಲ್ಲಿ ಅವ್ವ ನೆಲದ ಮೇಲೆ ಮೊಣಕಾಲೂರಿ ಗೋಡೆಯನ್ನು ತಡವುತ್ತಿದ್ದಳು. ಕೂಸನ್ನು ಹೊರಸಿನ ಮೇಲೆ ಇಟ್ಟದ್ದೆಂದು ಗೊತ್ತು, ಹೊರಸು ಯಾವ ಕಡೆಗೆಂದು ಗೊತ್ತಿಲ್ಲ. ಕೂಸು ಅವಳ ಬೆನ್ನ ಹಿಂದೆ ಇತ್ತು.

ಖಾಲಾ ಏಣಿ ಇಳಿದು ಬಂದು ನನ್ನನ್ನು ಬದಿಗೆ ತಳ್ಳಿ ಒಳಗೆ ನುಗ್ಗಿದರು. ಹೊರಗೆ ಬಂದಾಗ ಕೂಸು ಅವರ ಮುಂಗೈ ಮೇಲೆ ಬೋರಲಾಗಿತ್ತು. ತುಟಿಯ ಬಣ್ಣ ನೇರಳೆಹಣ್ಣಿನದು. ಅವರು ಅಂಗಳದಲ್ಲಿ ಕೂತು ಅದರ ಬೆನ್ನು ತಟ್ಟಿದರು, ಮೂಗಿಗೆ ತಮ್ಮ ಬಾಯಿ ಹಚ್ಚಿ ಎಳೆದು ಉಗಿದರು, ಮತ್ತೆ ತಟ್ಟಿದರು.

"ರೋ ಬೇಟಾ, ರೋ. ಅಳೋ ನನ್ನಪ್ಪಾ. ಅಳು. ಎಷ್ಟ್ ಬೇಕಾದ್ರ ಅಳು."

ಅವನು ಅಳಲಿಲ್ಲ. ಒಂದು ಸಣ್ಣ ಸದ್ದು ಬಂತು, ಒದ್ದೆ ಬಟ್ಟೆ ಹರಿದಂತೆ. ಅದು ಉಸಿರು ಎಂದು ಖಾಲಾನಿಗೆ ಗೊತ್ತಾಯಿತು. ಯಾರದೋ ಆಟೊ ಬಂತು. ಅವ್ವ ಕಣ್ಣು ತೆರೆಯಲಾಗದೆ ಖಾಲಾನ ಸೆರಗು ಹಿಡಿದು ಹತ್ತಿದಳು. ನಾನು ಡ್ರೈವರನ ಪಕ್ಕ ಕೂತೆ. ಆಯಿ ಬಾಗಿಲಲ್ಲಿ ಎರಡೂ ಕೈಗಳನ್ನು ಮುಂದೆ ಚಾಚಿ ನಿಂತಿದ್ದಳು, ಏನನ್ನೋ ಇಸಿದುಕೊಳ್ಳುವವಳಂತೆ. ಆಸ್ಪತ್ರೆಯಲ್ಲಿ ಅವನ ಮುಖಕ್ಕೆ ಪುಟ್ಟ ಮಾಸ್ಕ್ ಕಟ್ಟಿದರು. ಅವನ ಎದೆಯ ಗೂಡು ಒಳಗೆ ಹೋಗಿ ಹೊರಗೆ ಬರುವುದನ್ನು ಅವ್ವ ಊದಿದ ರೆಪ್ಪೆಗಳ ಸಂದಿನಿಂದ ನೋಡುತ್ತಿದ್ದಳು. ಪಕ್ಕದ ಹಾಸಿಗೆಯವರು ಏನಾಯಿತೆಂದು ಕೇಳಿದಾಗ ಅವ್ವ ಹೇಳಿದ್ದು ನನಗೆ ಕೇಳಿಸಿತು.

"ನಮ್ಮವ್ವ ಮಾಡಿದ್ಲು."

ಕೂಸನ್ನು ಮನೆಗೆ ತಂದ ಮೇಲೆ ಅವ್ವ ಒಳಕೋಣೆಗೆ ಹೋಗಲಿಲ್ಲ. ಪಡಸಾಲೆಯಲ್ಲಿ ಹಾಸಿಗೆ ಹಾಕಿ, ಎರಡೂ ಬಾಗಿಲು ತೆರೆದು, ಗಾಳಿ ಆಡುವಲ್ಲಿ ಮಲಗಿದಳು. ಮಲಗಿದಳು ಎನ್ನುವುದು ಮಾತಿಗೆ. ಕಿವಿ ಕೂಸಿನ ಮೂಗಿನ ಹತ್ತಿರ ಇಟ್ಟು ಬಿದ್ದುಕೊಂಡಿರುತ್ತಿದ್ದಳು. ಅವನು ಉಸಿರು ಬದಲಿಸಿದರೆ ಎದ್ದು ಕೂರುತ್ತಿದ್ದಳು. ಆಯಿ ಅಡುಗೆಮನೆಯ ಹೊಸ್ತಿಲಿನಾಚೆ, ಅಂಗೈಗೆ ಸುತ್ತಿದ ಬಟ್ಟೆಯನ್ನು ಎದೆಗಿಟ್ಟುಕೊಂಡು, ಗೋಡೆಗೆ ಒರಗಿ ಕೂತಿರುತ್ತಿದ್ದಳು. ನಾನು ನಡುವೆ. ಮೂವರೂ ಎಚ್ಚರ, ಮೂವರೂ ನಿದ್ದೆ ಬಂದವರ ನಟನೆ. ಕೂಸೊಂದೇ ನಿಜವಾಗಿ ನಿದ್ದೆ ಮಾಡುತ್ತಿತ್ತು. ಹೊಟ್ಟೆನೋವು ತಾನಾಗಿ ಹೋಗಿತ್ತು, ಡಾಕ್ಟರು ಮೊದಲೇ ಹೇಳಿದ್ದಂತೆ. ಬೆಳಗಾದ ಮೇಲೆ ನಾನು ಮಾಳಿಗೆ ಹತ್ತಿ ಗುಡ್ಡ ನೋಡುತ್ತಿದ್ದೆ. ಕೂಸು ಬಿಟ್ಟರೆ ಆ ಊರಲ್ಲಿ ನೆಮ್ಮದಿಯಾಗಿ ಮಲಗಿದವನು ಆ ಕಲ್ಲಿನ ಬುದ್ಧನೊಬ್ಬನೇ ಅನ್ನಿಸುತ್ತಿತ್ತು.

ಶನಿವಾರ ಅಪ್ಪ ಬಂದ. ಎಲ್ಲ ಕೇಳಿ, ಚಪ್ಪಲಿ ಕೂಡ ತೆಗೆಯದೆ ಏಣಿಗೆ ಕಾಲಿಟ್ಟ.

"ಒಂದು ಗಿಡಾ ಉಳಸಂಗಿಲ್ಲ. ಬೇರಸಮೇತ ಕಿತ್ತು ಒಗೀತೀನಿ."

ತಡೆದವಳು ಅವ್ವ.

"ಗಿಡಾ ಮುಟ್ಟಬ್ಯಾಡ್ರಿ."

"ಯಾಕ?"

"ಬ್ಯಾಡ ಅಂದ್ರ ಬ್ಯಾಡ. ಇಳೀರಿ ಕೆಳಗ."

ಅಪ್ಪನಿಗೆ ಅರ್ಥವಾಗಲಿಲ್ಲ. ನನಗಾಯಿತು. ಆ ಸಂಜೆ ಹೊರಸಿನ ಹತ್ತಿರ ಇದ್ದದ್ದು ನಾವು ಮೂವರೇ. ಆಯಿ ಈಗಲಾದರೂ ಬಾಯಿ ಬಿಟ್ಟು, ಹಾಕು ಅಂದವಳು ನಿನ್ನ ಹೆಂಡತಿಯೇ ಎಂದು ಹೇಳುತ್ತಾಳೆಂದು ಕಾದೆ. ಅವಳು ಸುಟ್ಟ ಕೈಗಳನ್ನು ನೋಡಿಕೊಂಡು ಕೂತಳು. ಅಪ್ಪ ಅವಳ ಕಡೆ ತಿರುಗಿ, ಮುದುಕಿಯಾದರೂ ಬುದ್ಧಿ ಬೇಡವೇ ಎಂದು ಅವತ್ತು ಆಡಿದ ಮಾತನ್ನೆಲ್ಲ ಅವಳು ತಲೆ ತಗ್ಗಿಸಿ ಇಸಿದುಕೊಂಡಳು. ಅವ್ವ ಕೂಸಿನ ಮುಖದ ಮೇಲೆ ಬಾಗಿದಳು. ಮನೆಯಲ್ಲಿ ಒಂದು ಮಾತು ಎಲ್ಲರ ನಡುವೆ ಕೂತಿದ್ದರೂ ಯಾರೂ ಅದರ ಕಡೆ ನೋಡದೆ ಊಟ ಮಾಡಿ ಏಳಬಹುದು ಎನ್ನುವುದನ್ನು ನಾನು ಆ ದಿನಗಳಲ್ಲಿ ಕಲಿತೆ.

ಊಟವಾದರೂ ಎಂಥದು? ಅವ್ವ ಮನೆಯಲ್ಲಿ ಮೆಣಸಿನಕಾಯಿ ನಿಲ್ಲಿಸಿದಳು. ಒಗ್ಗರಣೆ ಇಲ್ಲ, ಖಾರದ ಪುಡಿ ಇಲ್ಲ, ಕುಟ್ಟಿದ ಹಿಂಡಿ ಇಲ್ಲ. ಎಣ್ಣೆ ಕಾಯುವ ವಾಸನೆ ಬಂದರೆ ಕೂಸನ್ನು ಎತ್ತಿಕೊಂಡು ಬೀದಿಗೆ ಹೋಗಿ ನಿಲ್ಲುತ್ತಿದ್ದಳು. ನಮ್ಮ ಕಡೆಯ ಮನೆಯಲ್ಲಿ ಖಾರವಿಲ್ಲದ ಅಡುಗೆ ಎಂದರೆ ಯಾರೋ ತೀರಿಕೊಂಡ ಮನೆಯಂತೆ. ಜೋಳದ ರೊಟ್ಟಿ, ಸಪ್ಪೆ ಬೇಳೆ, ಮೊಸರು. ಅಪ್ಪ ಅಂಗಿಯ ಜೇಬಿನಲ್ಲಿ ಹಸಿಮೆಣಸಿನಕಾಯಿ ಇಟ್ಟುಕೊಂಡು ಬರುತ್ತಿದ್ದ. ರೊಟ್ಟಿ ಹಿಡಿದು ಬೀದಿಯ ಬೇವಿನ ಮರದ ಕೆಳಗೆ ಹೋಗಿ, ಕಳ್ಳನಂತೆ ಅತ್ತಿತ್ತ ನೋಡಿ ಕಡಿದುಕೊಳ್ಳುತ್ತಿದ್ದ. ಖಾಲಾ ಅವನನ್ನು ಒಮ್ಮೆ ಹಿಡಿದುಹಾಕಿದರು.

"ಮಾಸ್ತರ, ಬೀಡಿ ಸೇದೋರು ಹಿಂಗ ನಿಂದ್ರತಾರ ನೋಡ್ರಿ."

"ಬೀಡಿ ಆಗಿದ್ರ ಆಕಿ ಬಿಡತಿದ್ಲು ಖಾಲಾ."

ನಾನು ನಕ್ಕೆ. ಒಳಗೆ ಬಂದಾಗ ನಗು ಬಾಗಿಲಲ್ಲೇ ಉಳಿಯಿತು. ಆಯಿಯ ಕೈ ಮಾಯಿತು. ಅಂಗೈಯ ಗೆರೆಗಳು ಹೋಗಿ ಅಲ್ಲಿ ನುಣುಪಾದ, ಬಿಳಿ ಚರ್ಮ ಬಂದಿತ್ತು. ಅವಳು ಮತ್ತೆ ರೊಟ್ಟಿ ಬಡಿದಳು, ನೀರು ತಂದಳು, ಮಾಳಿಗೆ ಹತ್ತಿ ಗಿಡಗಳಿಗೆ ನೀರು ಹಾಕಿದಳು. ಕಾಯಿ ಕೀಳಲಿಲ್ಲ. ಅವು ಹಣ್ಣಾಗಿ, ಒಣಗಿ, ಡಬ್ಬಿಯ ಸುತ್ತ ಉದುರಿ ಬಿದ್ದವು. ಗಿಡದ ಮೇಲೆ ನಿನಗೆ ಸಿಟ್ಟು ಬರುವುದಿಲ್ಲವೇ ಎಂದು ಒಮ್ಮೆ ಕೇಳಿದೆ.

"ಅದೇನ್ ಮಾಡ್ಯದವ್ವ? ಖಾರ ಆಗು ಅಂದ್ವಿ, ಆಗ್ಯದ."

ಕೂಸನ್ನು ಮಾತ್ರ ಅವಳು ಮುಟ್ಟಲಿಲ್ಲ. ಮುಟ್ಟಬೇಡವೆಂದು ಅವ್ವ ಬಾಯಿಬಿಟ್ಟು ಹೇಳಿರಲಿಲ್ಲ. ಆಯಿ ಹತ್ತಿರ ಬಂದರೆ ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಿದ್ದಳು, ಅಷ್ಟೇ. ಅವನಿಗೆ ಬಸು ಎಂದು ಹೆಸರಿಟ್ಟಾಗ ತೊಟ್ಟಿಲ ಹಗ್ಗ ಹಿಡಿದದ್ದು ಖಾಲಾ. ಅವನು ಮಗುಚಿಕೊಂಡ, ಕೂರಲು ಕಲಿತ, ಹೊಸ್ತಿಲಿನಾಚೆ ಕೂತ ಮುದುಕಿಯನ್ನು ನೋಡಿ ನಗುತ್ತಿದ್ದ. ಅವಳು ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡು ನಗುತ್ತಿದ್ದಳು.

ಮಸಾಲೆ ಖಾರ ಕುಟ್ಟುವ ಕಾಲ ಬಂತು. ವರ್ಷಕ್ಕಾಗುವಷ್ಟು ಮೆಣಸಿನಕಾಯಿ ಹುರಿದು ಪುಡಿ ಮಾಡಿಡುವ ದಿನಗಳು. ಓಣಿಯ ಯಾವುದಾದರೂ ಒಂದು ಮಾಳಿಗೆಯಿಂದ ಘಾಟು ಇಳಿಯುತ್ತಲೇ ಇರುತ್ತದೆ. ಆ ವರ್ಷ ಓಣಿಯವರು ಒಬ್ಬೊಬ್ಬರಾಗಿ ಗಿರಣಿಯ ಹಿಂದಿನ ಬಯಲಿಗೆ ಹೋಗಿ ಹುರಿದುಕೊಂಡು ಬಂದರು. ನಮ್ಮ ಕೂಸಿನ ಸಲುವಾಗಿ ಎಂದು ಯಾರೂ ಹೇಳಲಿಲ್ಲ. ಕೊನೆಗೆ ಉಳಿದವರು ಖಾಲಾ. ಅವರಿಗೆ ಮೊಣಕಾಲು ನೋವು, ಬಯಲಿಗೆ ಹೋಗಲಾಗದು. ಒಂದು ಮುಂಜಾನೆ ಗೋಡೆಯ ಮೇಲಿಂದ ಕೂಗಿದರು.

"ಶಾಂತಾ, ಕೂಸಿಗಿ ಕರ್ಕೊಂಡು ಸ್ವಲ್ಪ ಅಡ್ಡಾಡಿ ಬರ್ತೀಯೇನವ್ವ? ಇವತ್ತ ಹುರೀಬೇಕು ನಾ."

ಅವ್ವ ಅಂಗಳದಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಅವನ ಎರಡೂ ಕಾಲು ಉಜ್ಜಿ ಮುಗಿಸಿದಳು.

"ಹುರೀರಿ ಖಾಲಾ."

"ನೀ ಮೊದಲ ಹೋಗು."

"ಎಲ್ಲೀತನಕಂತ ಹೋಗ್ಲಿ? ಹುರೀರಿ."

ಖಾಲಾ ಹೆದರಿ ಹೆದರಿ ಹಿಡಿಯಷ್ಟೇ ಮೆಣಸಿನಕಾಯಿ ಬಾಣಲೆಗೆ ಹಾಕಿದ್ದರಂತೆ. ಘಾಟು ಗೋಡೆ ದಾಟಿ, ಏಣಿ ಇಳಿದಂತೆ ಅಂಗಳಕ್ಕೆ ಬಂತು. ಮೊದಲು ನಾನು ಕೆಮ್ಮಿದೆ. ಆಮೇಲೆ ಹೊಸ್ತಿಲಿನಲ್ಲಿ ಆಯಿ. ಅವ್ವ ಕೂಸನ್ನು ಎದೆಗೆ ಅವಚಿಕೊಂಡು ಎದ್ದು ನಿಂತಳು. ಬೀದಿಯ ಬಾಗಿಲು ತೆರೆದೇ ಇತ್ತು, ಅವಳು ಹೋಗಲಿಲ್ಲ. ಬಸು ಮುಖ ಸಿಂಡರಿಸಿದ. ಬಾಯಿ ತೆರೆದ. ನಾವು ಮೂವರೂ ಆ ತೆರೆದ ಬಾಯಿಯನ್ನು ನೋಡಿದೆವು. ಅವನು ಸೀನಿದ. ಮತ್ತೊಂದು ಸಲ ಸೀನಿದ. ಆ ಸದ್ದು ಎಲ್ಲಿಂದ ಬಂತೆಂದು ತಲೆ ತಿರುಗಿಸಿ ಹುಡುಕಿ, ಸಿಗದೆ, ಗಟ್ಟಿಯಾಗಿ ನಕ್ಕ.

ಅವ್ವನಿಗೆ ಕೆಮ್ಮು ತಡೆಯಲಾಗಲಿಲ್ಲ. ಎಣ್ಣೆ ಹಚ್ಚಿದ ಕೂಸು ಕೈಯಿಂದ ಜಾರುತ್ತಿತ್ತು. ಅವಳು ಆಯಿಯ ಮುಂದೆ ಹೋಗಿ ನಿಂತಳು.

"ಹಿಡ್ಕೊ ಯವ್ವಾ."

ಆಯಿ ಕೈ ಹೊರಗೆ ತೆಗೆಯಲಿಲ್ಲ.

"ಹಿಡ್ಕೊ ಅಂದ್ನೆಲ್ಲ. ಜಾರ್ತಾನ."

ಆಯಿ ಸೆರಗಿನಿಂದ ಕೈ ತೆಗೆದು ಚಾಚಿದಳು, ಆವತ್ತು ಬಾಗಿಲಲ್ಲಿ ಚಾಚಿದ ಹಾಗೆಯೇ. ಅವ್ವ ಕೂಸನ್ನು ಆ ಬಿಳಿಯ ಅಂಗೈಗಳ ಮೇಲೆ ಇಟ್ಟಳು. ಇಟ್ಟವಳು ಅಲ್ಲೇ ಕುಸಿದು ಕೂತು, ಕೆಮ್ಮೋ ಅಳುವೋ ತಿಳಿಯದ ದನಿಯಲ್ಲಿ ಹೇಳಿದಳು.

"ಹಾಕು ಅಂದಾಕಿ ನಾನಽ ಯವ್ವಾ. ಆವತ್ತು ಹಾಕು ಅಂದಾಕಿ ನಾನಽ."

ಆಯಿ ಕೂಸಿನ ನೆತ್ತಿ ಮೂಸಿದಳು. ಮೂಸುತ್ತಲೇ ಇದ್ದಳು.

"ನನಗೇನ್ ಕೇಳ್ಸಿಲ್ಲವ್ವ," ಅಂದಳು. "ಆವತ್ತೂ ಕೇಳ್ಸಿಲ್ಲ, ಇವತ್ತೂ ಕೇಳ್ಸಿಲ್ಲ. ಏಳು, ಖಾಲಾ ಒಬ್ಬಾಕಿನೇ ಹುರಿಲಿಕತ್ತಾಳ. ಹೋಗಿ ಕೈ ಹಚ್ಚು."

ಅವ್ವ ಎದ್ದು, ಮೂಗಿಗೆ ಸೆರಗು ಕಟ್ಟಿ, ಏಣಿ ಹತ್ತಿದಳು. ಮಧ್ಯಾಹ್ನದವರೆಗೂ ಇಬ್ಬರೂ ಹುರಿದರು. ಸಂಜೆ ಮನೆಯಲ್ಲಿ ಬೇಳೆಗೆ ಒಗ್ಗರಣೆ ಬಿತ್ತು. ನಾಲಿಗೆ ಖಾರ ಮರೆತಿತ್ತು, ಕಣ್ಣಲ್ಲಿ ನೀರು ಬಂತು, ಎರಡು ರೊಟ್ಟಿ ಹೆಚ್ಚು ತಿಂದೆ. ಹಾಸಿಗೆ ಪಡಸಾಲೆಯಲ್ಲೇ ಹಾಸಿದೆವು. ಆಯಿಯ ಕೌದಿಯನ್ನು ಅವ್ವ ಹೊಸ್ತಿಲಿನ ಈಚೆಗೆ ಎಳೆದು ಹಾಕಿದಳು. ಅವ್ವ ಮಲಗಿದ್ದು, ಆಯಿ ಕಾಲು ಚಾಚಿದ್ದು ನನಗೆ ನೆನಪಿದೆ; ಆಮೇಲಿನದು ನೆನಪಿಲ್ಲ. ನನ್ನ ಬಾಲ್ಯದಲ್ಲಿ ನೆನಪಿಲ್ಲವೆಂದು ನಾನು ಸಂತೋಷದಿಂದ ಹೇಳಬಹುದಾದ ರಾತ್ರಿ ಅದೊಂದೇ.

ಎಚ್ಚರವಾದದ್ದು ಹಾಲಿನವನು ಬಾಗಿಲು ಬಡಿದಾಗ. ಬಿಸಿಲು ಅಂಗಳ ದಾಟಿ ಬಂದಿತ್ತು. ಅವ್ವ ದಡಬಡಿಸಿ ಎದ್ದು ಪಕ್ಕ ತಡವಿದಳು. ಕೂಸು ಇರಲಿಲ್ಲ. ಅವನು ಯಾವಾಗಲೋ ಹೊರಳಿಕೊಂಡು ಆಯಿಯ ಕೌದಿಗೆ ಹೋಗಿದ್ದ. ಅವಳ ಅಂಗೈ ಅವನ ಬೆನ್ನಿನ ಮೇಲಿತ್ತು, ಉಸಿರಿಗೆ ತಕ್ಕಂತೆ ಏರುತ್ತ ಇಳಿಯುತ್ತ. ಇಬ್ಬರೂ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಹಾಲಿನವನು ಮತ್ತೆ ಬಾಗಿಲು ಬಡಿದ. ಅವ್ವ ತುಟಿಯ ಮೇಲೆ ಬೆರಳಿಟ್ಟು, ಅವನಿಗೆ ಸುಮ್ಮನಿರಲು ಹೇಳಿ ಬಾ ಎಂದು ನನ್ನನ್ನು ಕಳಿಸಿ, ಮತ್ತೆ ಮಲಗಿಕೊಂಡಳು.